ಶೇವಂತಿಬಾಯಿಯ ಏರುಪದ

ನಾನು ಒಂದು ಕ್ಯಾಸೆಟ್. ಹುಟ್ಟುವಾಗಲೇ ನನ್ನ ಮೈಗೆ ತುಕ್ಕು ಬಳಿದಿದ್ದರು. ಉಳಿದ ವಸ್ತುಗಳಿಗೆ ತುಕ್ಕು ಮುಪ್ಪಿನಲ್ಲಿ ಬರುತ್ತದೆ. ನನಗೆ ಅದೇ ಜೀವ. ಕಬ್ಬಿಣದ ತುಕ್ಕಿನಂಥ ನುಣ್ಣನೆಯ ಪುಡಿಯನ್ನು ಅಂಟಿನಲ್ಲಿ ಕಲಸಿ, ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಹಚ್ಚಿ, ಒಣಗಿಸಿ, ಸುತ್ತಿ, ಡಬ್ಬಿಯೊಳಗೆ ಕೂರಿಸಿದರು. ಆ ಪುಡಿಯ ಒಂದೊಂದು ಕಣವೂ ಒಂದೊಂದು ಪುಟ್ಟ ಅಯಸ್ಕಾಂತ. ಯಂತ್ರದ ಮುಂದೆ ಯಾರಾದರೂ ಹಾಡಿದರೆ ನನ್ನ ಕಣಗಳು ಆ ದನಿ ಹೇಳಿದ ಕಡೆಗೆ ತಿರುಗಿ ನಿಲ್ಲುತ್ತವೆ. ಯಾರೂ ಅಳಿಸದಿದ್ದರೆ ಹಾಗೆಯೇ ನಿಂತಿರುತ್ತವೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನನಗೆ ಕಾಲ ಗೊತ್ತಿಲ್ಲ, ಉದ್ದ ಮಾತ್ರ ಗೊತ್ತು. ಹಾಡುವವಳ ಒಂದು ಉಸಿರು ನನ್ನ ಪಾಲಿಗೆ ಗೇಣುದ್ದದ ಪಟ್ಟಿ, ಅಷ್ಟೆ. ಆ ಗೇಣುದ್ದವನ್ನು ಮತ್ತೆ ಉಸಿರಾಗಿಸುವುದು ಯಂತ್ರದ ಕೆಲಸ. ಬರೆದ ಯಂತ್ರ ಎಷ್ಟು ವೇಗವಾಗಿ ಓಡಿತ್ತೋ ಓದುವ ಯಂತ್ರವೂ ಅಷ್ಟೇ ವೇಗವಾಗಿ ಓಡಿದರೆ ದನಿ ಸರಿಯಾಗಿ ಕೇಳುತ್ತದೆ. ನಿಧಾನವಾಗಿ ಬರೆದದ್ದನ್ನು ಬೇಗ ಓದಿದರೆ ದನಿ ತೆಳುವಾಗಿ ಮೇಲೆ ಹೋಗುತ್ತದೆ, ಹಾಡು ಚುರುಕಾಗುತ್ತದೆ, ಮುದುಕಿ ಹುಡುಗಿಯಾಗುತ್ತಾಳೆ. ಯಂತ್ರಗಳ ನಡುವಿನ ಇಷ್ಟು ಸಣ್ಣ ವ್ಯತ್ಯಾಸದ ಮೇಲೆ ನನ್ನ ಬಾಳು ನಡೆಯಿತು.

ನನ್ನನ್ನು ಖಾಲಿಯಾಗಿಯೇ ಮಾರಾಟಕ್ಕೆ ಇಟ್ಟಿದ್ದರು. ಜಮಖಂಡಿಯ ಒಂದು ಅಂಗಡಿಯ ಗಾಜಿನ ಕಪಾಟಿನಲ್ಲಿ ಹಾಡು ತುಂಬಿದ ಕ್ಯಾಸೆಟ್ಟುಗಳು ಬಣ್ಣಬಣ್ಣದ ಅಂಗಿ ತೊಟ್ಟು ನಿಂತಿದ್ದವು. ನಾನು ಕೆಳಗಿನ ಸಾಲಿನಲ್ಲಿ ಮಲಗಿದ್ದೆ. ಒಂದು ಸಂಜೆ ಬಿಳಿ ಸೀರೆಯ ಹೆಂಗಸೊಬ್ಬಳು ಬಂದು ನನ್ನನ್ನು ಕೊಂಡಳು. ಅವಳ ಬೆರಳುಗಳಿಗೆ ಸ್ಪಿರಿಟ್ಟಿನ ವಾಸನೆ ಇತ್ತು. ಅವಳು ಸರಕಾರಿ ದವಾಖಾನೆಯ ನರ್ಸು. ಹೆಸರು ಕಸ್ತೂರಿ.

ಕಸ್ತೂರಿಯ ಮನೆ ಗುಡಿಯ ಹಿಂದಿನ ಓಣಿಯಲ್ಲಿತ್ತು. ಎರಡೇ ಕೋಣೆ. ಒಂದರಲ್ಲಿ ಅವಳ ತಾಯಿ ಮಲಗಿರುತ್ತಿದ್ದರು. ಓಣಿಯವರ ಪಾಲಿಗೆ ಅವರು ನರ್ಸಬಾಯಿಯ ಅವ್ವ. ಆದರೆ ಅವರೇ ಶೇವಂತಿಬಾಯಿ ತೇರದಾಳ. ಒಂದು ಕಾಲಕ್ಕೆ ನಾಟಕ ಕಂಪನಿಗಳಲ್ಲಿ ಅವರು ರಂಗಕ್ಕೆ ಬರುವ ಮೊದಲೇ, ಪರದೆಯ ಹಿಂದಿನಿಂದ ಅವರ ದನಿ ಬಂದರೆ ಸಾಕು, ಹಿಂದಿನ ಸಾಲಿನವರು ಎದ್ದು ನಿಲ್ಲುತ್ತಿದ್ದರಂತೆ. ಅವರ ಆರು ಗ್ರಾಮಫೋನ್ ಪ್ಲೇಟುಗಳು ಬಂದಿದ್ದವು. ಚಹಾದಂಗಡಿಗಳಲ್ಲಿ, ಮದುವೆ ಚಪ್ಪರಗಳಲ್ಲಿ ಆ ಆರನ್ನೇ ಹಾಕಿ ಹಾಕಿ ಸವೆಸಿದ್ದರು. ಬೆಳ್ಳಿಯ ಗೆಜ್ಜೆಯಂಥ ದನಿ. ಆಮೇಲೆ ಗಂಟಲಿಗೆ ಏನೋ ಬೇನೆ ಬಂತು. ಬೇನೆ ವಾಸಿಯಾಯಿತು, ದನಿ ತಿರುಗಿ ಬರಲಿಲ್ಲ. ಅದರ ಜಾಗದಲ್ಲಿ ಬೇರೆಯದೊಂದು ದನಿ ಬಂತು: ಕೆಳಗಿನದು, ದಪ್ಪನೆಯದು, ಅಂಚು ಹರಿದದ್ದು. ಶೇವಂತಿಬಾಯಿ ಕಂಪನಿ ಬಿಟ್ಟರು. ಜನರ ಮುಂದೆ ಮತ್ತೆ ಬಾಯಿ ತೆರೆಯಲಿಲ್ಲ. ಕಸ್ತೂರಿ ಹುಟ್ಟಿದ್ದು ಅದರ ನಂತರ.

ದವಾಖಾನೆಯ ಕಂಪೌಂಡರರಿಂದ ಕಸ್ತೂರಿ ಟೇಪ್ ರೆಕಾರ್ಡರ್ ಇಸಿದುಕೊಂಡು ಬಂದಳು. ನನ್ನನ್ನು ಅದರ ಬಾಯಿಗಿಟ್ಟು ತಾಯಿಯ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಇರಿಸಿದಳು.

"ಏನದು?" ಎಂದರು ಶೇವಂತಿಬಾಯಿ.

"ಟೇಪು. ಒಂದ ಪದಾ ಹಾಡು ಯವ್ವಾ."

"ಈ ಕೋಣನ ದನಿ ಯಾರಿಗೆ ಬೇಕ ಬೇ? ತಗದಿಡು."

"ನನಗ ಬೇಕು."

"ನಿನಗೇನು, ದಿನಾ ಕೇಳ್ತಿ."

"ದಿನಾ ಕೇಳೂದು ಬೈಗಳಾ. ಪದಾ ಎಲ್ಲಿ ಕೇಳ್ತೀನಿ?"

ಮುದುಕಿ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, "ಬೇಕಂದ್ರ ಪ್ಲೇಟಾ ಅದಾವಲ್ಲ," ಎಂದರು.

"ಪ್ಲೇಟಿನ್ಯಾಗಿನ ದನಿ ಊರ ಮಂದೀದು. ನಾ ಹುಟ್ಟಿದ ಮ್ಯಾಲೆ ಅದೆಲ್ಲಿತ್ತು? ನನ್ನ ತೊಟ್ಲಾ ತೂಗಿದ್ದು ಇದ ದನಿ. ಇದು ನನ್ನ ಪಾಲಿಂದು."

ಶೇವಂತಿಬಾಯಿ ಗೋಡೆಗೆ ಒರಗಿಸಿದ್ದ ಏಕತಾರಿಯ ಕಡೆ ನೋಡಿದರು. ಆಮೇಲೆ, "ಒಂದ ಸಲ. ನಡುವ ನಿಂದರ್ಸಬ್ಯಾಡ," ಎಂದು ಎದ್ದು ಕೂತು ಏಕತಾರಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಕೆಂಪು ಗುಂಡಿ ಒತ್ತಿದ ಕೂಡಲೇ ನನಗೆ ಒಂದು ಸಂಗತಿ ತಿಳಿಯಿತು. ಕಂಪೌಂಡರರು ಸಿನಿಮಾ ಹಾಡು ಕೇಳಿ ಕೇಳಿ ಸೆಲ್ಲುಗಳನ್ನು ಹೀರಿಬಿಟ್ಟಿದ್ದರು. ಚಕ್ರ ನನ್ನನ್ನು ಎಳೆಯುತ್ತಿದ್ದದ್ದು ನಡೆಯಬೇಕಾದ ನಡಿಗೆಯಲ್ಲಿ ಅಲ್ಲ. ಹಾಡು ಮುಂದುವರಿದಂತೆ ಅದು ಇನ್ನೂ ನಿಧಾನವಾಯಿತು. ಇದನ್ನು ಹೇಳಲು ನನಗೆ ಬಾಯಿ ಇರಲಿಲ್ಲ. ಕೊಟ್ಟದ್ದನ್ನು ತೆಗೆದುಕೊಳ್ಳುವುದಷ್ಟೇ ನನ್ನ ಧರ್ಮ.

ಅವರು ಹಾಡಿದ್ದು ತಮ್ಮ ಅಜ್ಜಿಯಿಂದ ಬಂದ ಒಂದು ತತ್ವಪದ. "ಬುತ್ತಿ ಬಿಚ್ಚೂದರೊಳಗ ಹೊತ್ತು ಮುಳುಗೀತ" ಎಂಬುದು ಅದರ ಪಲ್ಲವಿ. ಅವರು ಒಂದೊಂದು ಮಾತನ್ನೂ ನೆಲಕ್ಕೆ ಇಳಿಸಿಟ್ಟು, ಸ್ವಲ್ಪ ದಣಿವಾರಿಸಿಕೊಂಡು, ಮುಂದಿನದನ್ನು ಎತ್ತಿಕೊಳ್ಳುತ್ತಿದ್ದರು. ಮೇಲಿನ ಸ್ವರಕ್ಕೆ ಕೈ ಚಾಚುತ್ತಿರಲಿಲ್ಲ. ಅದು ಇದ್ದ ಜಾಗದಲ್ಲಿ ಸುಮ್ಮನಾಗಿ, ಏಕತಾರಿಯನ್ನಷ್ಟೇ ಮೀಟಿ, ಕೆಳಗಿನಿಂದ ಮತ್ತೆ ಶುರುಮಾಡುತ್ತಿದ್ದರು. ನಡುವೆ ಹಿಂದಿನ ಗುಡಿಯಲ್ಲಿ ಯಾರೋ ಗಂಟೆ ಹೊಡೆದರು. ಓಣಿಯಲ್ಲಿ ಎಮ್ಮೆಯೊಂದು ಕೂಗಿತು. ಅವನ್ನೂ ನಾನು ಬರೆದುಕೊಂಡೆ.

ಹಾಡು ಮುಗಿದ ಮೇಲೆ ಕಸ್ತೂರಿ ನನ್ನನ್ನು ಹೊರಗೆ ತೆಗೆದು, ಪೆನ್ಸಿಲಿನಿಂದ ತಿರುವಿ ಹಿಂದಕ್ಕೆ ಸುತ್ತಿ, ಒಂದು ಸಾಲನ್ನು ಹಾಕಿ ನೋಡಿದಳು. ಸೋತ ಯಂತ್ರ ಬರೆದದ್ದನ್ನು ಸೋತ ಯಂತ್ರವೇ ಓದಿತು. ದನಿ ಇದ್ದ ಹಾಗೆಯೇ ಬಂತು.

"ಹಿಂಗ ಐತೇನು," ಎಂದರು ಶೇವಂತಿಬಾಯಿ. "ಇರ್ಲಿ ಬಿಡು. ಹೇಳ್ಕೊಳ್ಳುವಷ್ಟ ಕೆಟ್ಟಿಲ್ಲ."

ಅದೇ ವಾರ ಅವರು ತೀರಿಕೊಂಡರು. ಮನೆ ತುಂಬ ಜನ. ಕಂಪೌಂಡರರೂ ಬಂದರು, ಅತ್ತರು, ಹೋಗುವಾಗ ಮೂಲೆಯಲ್ಲಿದ್ದ ತಮ್ಮ ಯಂತ್ರವನ್ನು ಬಗಲಲ್ಲಿ ಇಟ್ಟುಕೊಂಡು ಹೋದರು. ನಾನು ಅದರೊಳಗೇ ಇದ್ದೆ. ಕಸ್ತೂರಿಗೆ ನೆನಪಾಗುವಷ್ಟರಲ್ಲಿ ಅವರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಅವರು ಹೋಗುವ ದಾರಿಯಲ್ಲಿ ಬನಹಟ್ಟಿಯ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಹಳೆಯದನ್ನು ಕೊಟ್ಟು ಹೊಸ ಯಂತ್ರ ಒಯ್ದರು. ಒಳಗೆ ಏನಿದೆ ಎಂದು ತೆರೆದು ನೋಡಲಿಲ್ಲ.

ಆ ಅಂಗಡಿ ದಸ್ತಗೀರನದು. ಅವನು ಯಂತ್ರಕ್ಕೆ ಹೊಸ ಸೆಲ್ಲು ತುಂಬಿ ಗುಂಡಿ ಒತ್ತಿದ. ಹೊಸ ಸೆಲ್ಲಿನ ಹುರುಪಿನಲ್ಲಿ ಚಕ್ರ ಓಡಿತು, ನಾನೂ ಓಡಿದೆ. ನನ್ನೊಳಗಿನಿಂದ ಹದಿನಾರರ ಹುಡುಗಿಯೊಬ್ಬಳು ಹಾಡತೊಡಗಿದಳು. ದಸ್ತಗೀರನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಪದದ ತಿರುವುಗಳ ಗುರುತು ಅವನಿಗೆ ಒಂದೇ ಸಾಲಿಗೆ ಹತ್ತಿತು. ಏಕೆಂದರೆ ಅವನು ಶೇವಂತಿಬಾಯಿಯ ಬಳಗದವನು.

ಬಳಗ ಎಂದರೆ ಏನು ಎಂದು ಹೇಳಬೇಕು. ಬನಹಟ್ಟಿ ನೇಕಾರರ ಊರು. ಬೆಳಗಿನಿಂದ ರಾತ್ರಿಯವರೆಗೆ ವಿದ್ಯುತ್ ಮಗ್ಗಗಳ ಖಡಖಡ ಸದ್ದು. ಅಮಾವಾಸ್ಯೆಯ ದಿನ ಮಾತ್ರ ಮಗ್ಗಕ್ಕೆ ಬಿಡುವು. ಆ ದಿನ ಊರಿನಲ್ಲಿ ಗುಬ್ಬಿಯ ಸದ್ದು ಕೇಳುತ್ತದೆ. ಮಗ್ಗದ ಮಾಲೀಕ ಮಹಾರುದ್ರಪ್ಪನ ಶೆಡ್ಡಿನಲ್ಲಿ, ನಿಂತ ಮಗ್ಗಗಳ ನಡುವೆ ಚಾಪೆ ಹಾಸಿಕೊಂಡು ಒಂದಷ್ಟು ಜನ ಸೇರುತ್ತಿದ್ದರು. ಮಧ್ಯದಲ್ಲಿ ಮಣೆ, ಮಣೆಯ ಮೇಲೆ ಟೇಪ್ ರೆಕಾರ್ಡರ್, ಅದಕ್ಕೆ ಊದುಬತ್ತಿ, ಒಂದು ತೆಂಗಿನಕಾಯಿ. ಆಮೇಲೆ ಶೇವಂತಿಬಾಯಿಯ ಹಾಡು.

ಆ ಆರು ಪ್ಲೇಟುಗಳನ್ನು ಅವರು ಅಲ್ಲಿ ಹಾಕುತ್ತಿರಲಿಲ್ಲ. "ಅವು ಚಹಾದಂಗಡಿ ಹಾಡು," ಎನ್ನುತ್ತಿದ್ದ ಮಹಾರುದ್ರಪ್ಪ. ಅವನ ಟ್ರಂಕಿನಲ್ಲಿ ಇದ್ದದ್ದು ಯಾರಿಗೂ ಗೊತ್ತಿಲ್ಲದವು, ಹಳೆಯ ಸ್ಪೂಲ್ ಟೇಪುಗಳಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡವು. ಯಾರದೋ ಮದುವೆಯಲ್ಲಿ ಊಟದ ಪಂಕ್ತಿಯ ಗದ್ದಲದ ನಡುವೆ ಹಾಡಿದ್ದು. ಕಂಪನಿಯ ಗುಡಾರದಲ್ಲಿ ತಾಲೀಮಿನ ಹೊತ್ತಿಗೆ, ತಬಲಾದವನಿಗೆ ಬೈದು ನಿಲ್ಲಿಸಿ ಮತ್ತೆ ಎತ್ತಿಕೊಂಡದ್ದು. ಒಂದು ಮಠದಲ್ಲಿ ಸ್ವಾಮಿಗಳು ಕೇಳಿದರೆಂದು ಅರ್ಧ ಹಾಡಿ ಬಿಟ್ಟದ್ದು. ಪ್ಲೇಟಿನಲ್ಲಿ ಆಕೆ ಯಂತ್ರಕ್ಕಾಗಿ ಹಾಡಿದ್ದಾಳೆ, ಇವುಗಳಲ್ಲಿ ತನಗಾಗಿ ಹಾಡಿಕೊಂಡಿದ್ದಾಳೆ ಎಂಬುದು ಅವರ ನಂಬಿಕೆ. ಆಕೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆಂದು ಅವರಿಗೆ ಗೊತ್ತಿತ್ತು. ಆ ಜಾಗ ಬಂದಾಗ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುತ್ತಿದ್ದರು. ಇಂಥ ಪ್ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಬಂದ ಅಮಾವಾಸ್ಯೆ ಶೆಡ್ಡಿನಲ್ಲಿ ಯಾರೂ ಎಲೆಯಡಿಕೆಗೂ ಕೈ ಹಾಕಲಿಲ್ಲ. ಹಾಡು ಮುಗಿದ ಮೇಲೆ ಮಹಾರುದ್ರಪ್ಪ ಕಣ್ಣೊರೆಸಿಕೊಂಡು, "ಪ್ಲೇಟಿಗಿಂತ ಮೊದಲಿನ ದನಿ. ಕಂಪನಿ ಸೇರೂಕಿಂತ ಮೊದಲಿಂದು," ಎಂದ.

ಬಳಗದಲ್ಲಿ ಬಾಬುರಾವ್ ಎಂಬ ಟೇಲರ್ ಇದ್ದ. ಎಲ್ಲದಕ್ಕೂ ಒಂದು ಎಳೆ ತೆಗೆಯುವುದು ಅವನ ರೂಢಿ. "ಆಗ ಟೇಪ್ ಎಲ್ಲಿತ್ತೋ ಸಾವಕಾರ? ಶೇವಂತಿಬಾಯಿ ಹದಿನಾರು ಇದ್ದಾಗ ನಿಮ್ಮಪ್ಪಗ ಮೀಸಿ ಬಂದಿರಲಿಲ್ಲ."

"ಯಾವನೋ ಸಾಹೇಬನ ಮಶೀನಿನ್ಯಾಗ ತುಂಬಿರಬೇಕು. ಅದರ ಮ್ಯಾಗಿಂದ ಇದಕ್ಕ ಇಳಿಸ್ಯಾರ," ಎಂದ ದಸ್ತಗೀರ.

"ಹಾಂ, ಸಾಹೇಬಗ ತತ್ವಪದದ ಹುಚ್ಚು."

ನಕ್ಕರು. ಆದರೆ ಆ ಸಾಹೇಬ ಹೋಗಲಿಲ್ಲ. ಮುಂದಿನ ಅಮಾವಾಸ್ಯೆಗೆ ಅವನು ಬಾಗಲಕೋಟೆಯಲ್ಲಿದ್ದ ಒಬ್ಬ ಅಧಿಕಾರಿಯಾದ. ಇನ್ನೂ ಕೆಲವು ಅಮಾವಾಸ್ಯೆ ಕಳೆಯುವಷ್ಟರಲ್ಲಿ ಅವನಿಗೆ ಒಬ್ಬ ಹೆಂಡತಿಯೂ ಬಂದಳು.

ಇನ್ನೊಂದು ವಿಷಯ ಅವರನ್ನು ಬಹಳ ಕಾಡಿತು. ಹಾಡು ಸಾಗಿದಂತೆ ಶ್ರುತಿ ಮೆಲ್ಲಗೆ ಏರುತ್ತಿತ್ತು. ಸೆಲ್ಲು ಇಳಿಯುತ್ತ ಹೋದದ್ದಕ್ಕೆ ಹಾಗಾಗಿತ್ತು ಎಂಬುದು ನನಗೆ ಗೊತ್ತು. ಅವರ ಲೆಕ್ಕ ಬೇರೆ. ಹೊತ್ತು ಮುಳುಗುತ್ತದೆ, ಜೀವ ಏರುತ್ತದೆ; ಅದಕ್ಕೇ ಶೇವಂತಿಬಾಯಿ ಶ್ರುತಿ ಏರಿಸುತ್ತ ಹೋಗಿದ್ದಾಳೆ ಎಂದ ಮಹಾರುದ್ರಪ್ಪ. ಏಕತಾರಿಯ ತಂತಿಯೂ ಜೊತೆಗೇ ಏರುತ್ತದಲ್ಲ, ಒಂದು ಕೈಯಲ್ಲಿ ಮೀಟುತ್ತ ಬಿರಡೆ ಬಿಗಿಯುವುದು ಹೇಗೆ ಎಂದು ಬಾಬುರಾವ್ ಕೇಳಿದ. ಪಕ್ಕದಲ್ಲಿ ಗುರುಗಳು ಕೂತು ಬಿಗಿಯುತ್ತಿರಬೇಕು ಎಂದು ಒಬ್ಬ. ಮೊಣಕಾಲಿನಲ್ಲಿ ಒತ್ತಿಹಿಡಿದಿರಬೇಕು ಎಂದು ಇನ್ನೊಬ್ಬ. ದಸ್ತಗೀರ ಒಂದು ಏಕತಾರಿ ತಂದು ಮೊಣಕಾಲಿನಲ್ಲಿ ಒತ್ತಿ ತೋರಿಸಲು ಹೋಗಿ ಅದರ ಬುರುಡೆ ಒಡೆದ.

ಪದಕ್ಕೆ ಏರುಪದ ಎಂಬ ಹೆಸರು ಬಿತ್ತು. ನನ್ನ ನಕಲುಗಳು ಊರೂರಿಗೆ ಹೋದವು. ಪಕ್ಕದೂರಿನ ಭಜನಾ ಮೇಳದ ಹುಡುಗರು ಅದನ್ನು ಕಲಿತು, ಹಾರ್ಮೋನಿಯಂ ಪೇಟಿಯವನು ನುಡಿಯಿಂದ ನುಡಿಗೆ ಕೀಲಿಯ ಮನೆ ಬದಲಿಸುತ್ತ, ಶ್ರುತಿ ಏರಿಸುತ್ತ ಹಾಡಿ ಸ್ಪರ್ಧೆಯಲ್ಲಿ ಬಹುಮಾನ ಗೆದ್ದರು.

ನನ್ನನ್ನು ಮಾತ್ರ ಅವರು ದೇವರಂತೆ ನೋಡಿಕೊಂಡರು. ಅಸಲು ಟ್ರಂಕು ಬಿಟ್ಟು ಹೊರಗೆ ಹೋಗಬಾರದೆಂದು ನೇಮ. ಹಾಕುವ ಮೊದಲು ದಸ್ತಗೀರ ಯಂತ್ರದ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದ. ಕರೆಂಟು ಏರಿಳಿಯಬಾರದೆಂದು ಸ್ಟೆಬಿಲೈಸರ್ ಇಟ್ಟಿದ್ದರು. ಅವರು ಎಷ್ಟು ಜಾಗರೂಕರಾಗಿದ್ದರೋ ಅಷ್ಟು ಅಚ್ಚುಕಟ್ಟಾಗಿ ಪ್ರತಿ ಸಲವೂ ನನ್ನನ್ನು ತಪ್ಪಾಗಿ ಓದಿದರು. ಹೆಂಡತಿ ತೀರಿದ ವರ್ಷ ಮಹಾರುದ್ರಪ್ಪ ಒಬ್ಬನೇ ಶೆಡ್ಡಿಗೆ ಬಂದು ನನ್ನನ್ನು ಹಾಕಿಕೊಂಡು ಕೂರುತ್ತಿದ್ದ. ಆ ಹುಡುಗಿಯ ದನಿ ಅವನಿಗೆ ಏನನ್ನೋ ಕೊಡುತ್ತಿತ್ತು. ಅದನ್ನು ಸುಳ್ಳು ಎನ್ನಲು ನನಗೆ ಮನಸ್ಸು ಬರಲಿಲ್ಲ.

ಹೀಗೆ ಬಹಳ ವರ್ಷಗಳಾದವು. ಭಜನಾ ಮೇಳ ಒಮ್ಮೆ ಜಮಖಂಡಿಯ ಮಠವೊಂದಕ್ಕೆ ಹಾಡಲು ಹೋಯಿತು. ಅಲ್ಲಿ ಕೂತಿದ್ದ ಒಬ್ಬ ಹೆಂಗಸು, ಹಾಡು ಮುಗಿದ ಮೇಲೆ ಪೇಟಿಯವನ ಬಳಿ ಹೋಗಿ, ಈ ಪದ ಎಲ್ಲಿಯದು ಎಂದು ಕೇಳಿದಳು. ಅವನು ಬನಹಟ್ಟಿಯ ಹೆಸರು ಹೇಳಿದ. ಮುಂದಿನ ಅಮಾವಾಸ್ಯೆ ಅವಳು ಬಸ್ಸಿನಲ್ಲಿ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು. ಕೂದಲು ಬೆಳ್ಳಗಾಗಿತ್ತು. ಕೆಲಸದಿಂದ ನಿವೃತ್ತಿಯಾಗಿತ್ತು. ಕಸ್ತೂರಿ.

"ನಾ ಶೇವಂತಿಬಾಯಿ ಮಗಳ್ರಿ," ಎಂದಳು.

ಇಡೀ ಬಳಗ ಎದ್ದು ನಿಂತಿತು. ಮಹಾರುದ್ರಪ್ಪ ಅವಳ ಕಾಲು ಮುಟ್ಟಲು ಬಗ್ಗಿದಾಗ ಅವಳು ಹಿಂದೆ ಸರಿದಳು. ಮುಂದಿನ ಚಾಪೆಯಲ್ಲಿ ಕೂರಿಸಿದರು. ಊದುಬತ್ತಿ ಹಚ್ಚಿದರು. "ನಿಮಗ ಇವತ್ತ ನಿಮ್ಮವ್ವಾರ ಎಳೀ ದನಿ ಕೇಳಸ್ತೀವಿ ಅಕ್ಕಾರ. ಇದು ಜಗತ್ತಿನ್ಯಾಗ ಮತ್ತೆಲ್ಲೂ ಇಲ್ಲ," ಎಂದು ಮಹಾರುದ್ರಪ್ಪ ನನ್ನನ್ನು ಟ್ರಂಕಿನಿಂದ ತೆಗೆದ.

ಅವಳು ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಹಾಡು ಶುರುವಾಯಿತು. ಅವಳು ತಲೆಯನ್ನು ಒಂದು ಕಡೆಗೆ ವಾಲಿಸಿ ಕೇಳಿದಳು. ಮುಗಿಯುವವರೆಗೆ ಅವಳ ಮುಖದಲ್ಲಿ ಏನೂ ಕದಲಲಿಲ್ಲ.

"ಪದಾ ನಮ್ಮವ್ವಂದು," ಎಂದಳು. "ದನಿ ಅಲ್ರಿ."

"ಅಲ್ಲಂದ್ರ?" ಎಂದ ಬಾಬುರಾವ್.

"ಇದನ್ನ ತುಂಬಿದಾಕಿ ನಾನು. ಅವ್ವ ಸಾಯೂ ವಾರ. ಟೇಪು ಕಂಪೌಂಡರ್ ಜೋಡಿ ಹೋತು."

ಬಾಬುರಾವ್ ಮೆಲ್ಲಗೆ, "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇದು ಮುದುಕೀ ದನಿ ಅಂದ್ರ ಯಾರ ನಂಬ್ತಾರ್ರಿ? ನೀವು ತುಂಬಿದ್ದು ಬ್ಯಾರೇದ ಇರಬೇಕು," ಎಂದ.

"ನಡುವ ಒಂದು ಗಂಟಿ ಐತಲ್ಲ, ಅದು ನಮ್ಮ ಮನಿ ಹಿಂದಿನ ಗುಡೀದು."

"ಅದು ಸೈಕಲ್ ಗಂಟಿ ಅಲ್ಲೇನ್ರಿ?"

"ಎಮ್ಮಿ ಒದರತೈತಲ್ಲ, ಅದು ಬಾಜೂ ಮನೀದು."

"ಅದು ಕರಾ," ಎಂದ ಇನ್ನೊಬ್ಬ. "ನಾವು ಎಷ್ಟ ವರ್ಷಾತು ಕೇಳ್ತೀವಿ, ಅದು ಕರಾನ."

ದಸ್ತಗೀರ ಯಂತ್ರದ ಕಡೆ ಬಗ್ಗಿದ. ಗಂಟೆ, ಎಮ್ಮೆ, ದನಿ, ಮೂರೂ ಒಟ್ಟಿಗೆ ಎಳೆಯವಾಗಿವೆ ಎಂಬುದು ಅವನ ತಲೆಯೊಳಗೆ ಹೋಗುತ್ತಿರುವುದನ್ನು ನಾನು ಕೆಳಗಿನಿಂದ ನೋಡಿದೆ. ಅವನು ಎದ್ದು ಕರೆಂಟಿನ ವೈರು ಕಿತ್ತ. ಗೋಡೆಗೆ ತೂಗುಹಾಕಿದ್ದ ಕೈದೀಪದ ಬ್ಯಾಟರಿಯಿಂದ ಹಳೆಯ ಸೆಲ್ಲುಗಳನ್ನು ಬಿಚ್ಚಿ ಯಂತ್ರಕ್ಕೆ ತುಂಬಿದ. "ಕಂಪೌಂಡರ್ ಸೆಲ್ಲು ಹೊಸಾವು ಇದ್ದೂವೇನ್ರಿ ಅಕ್ಕಾರ?" ಎಂದು ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಅವನು ಗುಂಡಿ ಒತ್ತಿದ.

ಚಕ್ರ ತೂಕಡಿಸುತ್ತ ಹೊರಟಿತು. ದನಿ ಕೆಳಗಿಳಿಯಿತು. ಹುಡುಗಿ ಹೆಂಗಸಾದಳು. ಹೆಂಗಸಿನ ದನಿ ದಪ್ಪವಾಯಿತು, ಅದರ ಅಂಚು ಹರಿಯಿತು. ಎರಡನೆಯ ನುಡಿಯ ಹೊತ್ತಿಗೆ ಗುಡಿಯ ಗಂಟೆ ಗುಡಿಯ ಗಂಟೆಯಂತೆ ಹೊಡೆಯಿತು.

"ಇದು," ಎಂದಳು ಕಸ್ತೂರಿ. "ಇದು ನಮ್ಮವ್ವ." ಅವಳ ಕೈ ತಾನಾಗಿ ಮುಂದೆ ಬಂದು ಯಂತ್ರದ ಮೇಲೆ, ಕಾಯಿಲೆಯವರ ಹಣೆಯ ಮೇಲೆ ಇಡುವ ಹಾಗೆ, ಕೂತಿತು.

ಆದರೆ ಆ ಸೆಲ್ಲುಗಳು ಅಲ್ಲಿ ನಿಲ್ಲಲಿಲ್ಲ. ಇನ್ನೂ ಇಳಿದವು. ದನಿ ಕಸ್ತೂರಿಯ ಅವ್ವನನ್ನು ದಾಟಿ ಕೆಳಗೆ ಹೋಯಿತು, ಗಂಡಸಿನ ನರಳಿಕೆಯಾಯಿತು, ಮಾತು ಕರಗಿ ಬರಿಯ ಗುರುಗುರು ಉಳಿಯಿತು. ಅವಳು ಕೈ ಹಿಂದೆಳೆದುಕೊಂಡು, "ನಿಂದರ್ಸ್ರಿ," ಎಂದಳು.

ಬಾಬುರಾವ್ ತಲೆ ತಗ್ಗಿಸಿದ್ದ. "ಹಂಗಾರ ನಮ್ಮ ಸಾಹೇಬಾ ಸತ್ತ," ಎಂದ. ಯಾರೂ ನಗಲಿಲ್ಲ. ಮಹಾರುದ್ರಪ್ಪ ಗೋಡೆಗೆ ಒರಗಿ ಕೂತಿದ್ದ. ಅಷ್ಟು ವರ್ಷ ತಾನು ಪ್ರೀತಿಸಿದ ಹುಡುಗಿ ಎಂದೂ ಇರಲಿಲ್ಲ ಎಂಬುದನ್ನು ಅರಗಿಸಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವನು, "ದಸ್ತಗೀರ, ಅಕ್ಕಾರಿಗೆ ಆ ದನಿ ತಗದ ಕೊಡು. ಏನ ಮಾಡ್ತೀಯೋ ಮಾಡು," ಎಂದ.

ಯಂತ್ರದ ಮೋಟರಿನ ಹಿಂದೆ ವೇಗ ತಿದ್ದುವ ಒಂದು ಸಣ್ಣ ಸ್ಕ್ರೂ ಇರುತ್ತದೆ. ದಸ್ತಗೀರ ಕವಚ ಬಿಚ್ಚಿ ಅದನ್ನು ತಿರುವಲು ಕೂತ. ಆದರೆ ಎಷ್ಟು ತಿರುವಬೇಕು? ಬರೆಯುವಾಗ ವೇಗ ಒಂದೇ ಸಮ ಇರಲಿಲ್ಲ. ಹಾಡಿನ ಉದ್ದಕ್ಕೂ ಇಳಿದಿತ್ತು. ಆ ಇಳಿತದ ಗುರುತು ಯಾರ ಬಳಿಯೂ ಇರಲಿಲ್ಲ. ಗುಡಿಯ ಗಂಟೆ ಈಗಲೂ ಇದೆಯೇ, ಅದಕ್ಕೆ ಹೋಲಿಸಿ ನೋಡಬಹುದು ಎಂದು ದಸ್ತಗೀರ ಕೇಳಿದ. ಗುಡಿಯನ್ನು ಹೊಸದಾಗಿ ಕಟ್ಟಿದ್ದಾರೆ, ಈಗ ಅಲ್ಲಿ ಕರೆಂಟಿನಿಂದ ತಾನೇ ಹೊಡೆದುಕೊಳ್ಳುವ ಗಂಟೆ ಇದೆ ಎಂದಳು ಕಸ್ತೂರಿ. ಇನ್ನು ಉಳಿದದ್ದು ಅವಳ ಕಿವಿ ಒಂದೇ.

"ನೀವ ಹೇಳ್ರಿ ಅಕ್ಕಾರ. ಎಲ್ಲಿ ನಿಂದರ್ಸ್ಲಿ?"

"ಇನ್ನಷ್ಟ ಕೆಳಗ."

ಅವನು ತಿರುವಿದ.

"ಸ್ವಲ್ಪ. ಹಾಂ. ಇಲ್ಲ, ದಾಟಿತು. ತಿರಗಿ ಮ್ಯಾಲೆ ಒಯ್ರಿ."

"ಈಗ?"

"ಮೊದಲನೇ ಸಾಲು ಸರಿ ಆತು. ಎರಡನೇದು ಎಳೀದಾತು."

ನನ್ನನ್ನು ಹಿಂದಕ್ಕೆ ಸುತ್ತಿದರು, ಮುಂದಕ್ಕೆ ಓಡಿಸಿದರು, ಮತ್ತೆ ಹಿಂದಕ್ಕೆ. ಮುಖ್ಯವಾಗಿ ಪಲ್ಲವಿಯನ್ನೇ. ಹೊತ್ತು ಮುಳುಗೀತ, ಹೊತ್ತು ಮುಳುಗೀತ. ಶೇವಂತಿಬಾಯಿ ಒಮ್ಮೆ ಮೂವತ್ತರವಳಾದರು, ಒಮ್ಮೆ ಐವತ್ತರವಳು, ಒಮ್ಮೆ ಸತ್ತ ಮೇಲೆ ಹಾಡುವವಳ ಹಾಗೆ. ಕಸ್ತೂರಿ ಮೊದಮೊದಲು ಕೂಡಲೇ ಹೇಳುತ್ತಿದ್ದಳು. ಬರಬರುತ್ತ ಅವಳು ಉತ್ತರಿಸುವ ಮೊದಲು ತಡವಾಯಿತು. ಕಣ್ಣು ಮುಚ್ಚಿ ಕೇಳಿದಳು. ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕಿ ನೋಡಿದಳು. ತಾನೇ ಒಮ್ಮೆ ಗುನುಗಿ, ನಡುವೆ ನಿಲ್ಲಿಸಿದಳು.

"ಇದು ಆದೀತೇನ್ರಿ ಅಕ್ಕಾರ?"

"ಆದೀತು." ಸ್ವಲ್ಪ ಹೊತ್ತಾದ ಮೇಲೆ, "ಮೊದಲ ಕೇಳಸಿದ್ದು ಇದಕ್ಕಿಂತ ಸರಿ ಇತ್ತೇನೋ. ಅದನ್ನ ಹಾಕ್ರಿ."

ಅದು ಯಾವುದೆಂದು ದಸ್ತಗೀರನಿಗೆ ನೆನಪಿರಲಿಲ್ಲ. ಸ್ಕ್ರೂವಿಗೆ ಗುರುತಿನ ಗೆರೆಗಳಿರಲಿಲ್ಲ. ಅವನು ಅಂದಾಜಿನಿಂದ ತಿರುವಿದ. ಅವಳು ಕೇಳಿದಳು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ನನಗ ತಿಳಿವಲ್ದು," ಎಂದಳು.

"ದಣದೀರಿ ಅಕ್ಕಾರ. ಚಾ ಕುಡದು ಮತ್ತ ಕೂಡೂಣು."

"ದಣಿವಲ್ರಿ." ಅವಳ ದನಿ ನರ್ಸಿನ ದನಿಯಂತೆ ಸಮವಾಗಿತ್ತು. "ಮುಂಜಾನೆ ಬಸ್ಸಿನ್ಯಾಗ ಬರೂವಾಗ ನನ್ನ ಕಿವಿಯಾಗ ಇತ್ತು. ನಿತ್ಯ ಇರತಿತ್ತು. ಅಡಗಿ ಮಾಡೂವಾಗ ಸೈತ ಇರತಿತ್ತು. ಈಗ ಎಲ್ಲಾ ದನಿನೂ ಅವ್ವನ ಹಂಗ ಕೇಳತಾವು."

ಆ ಶೆಡ್ಡಿನಲ್ಲಿ ನಡೆದದ್ದು ಏನು ಎಂದು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಯಾರೂ ತಪ್ಪು ಮಾಡಿರಲಿಲ್ಲ. ದಸ್ತಗೀರ ತನ್ನ ಕೈಲಾದದ್ದನ್ನು ಮಾಡಿದ. ಅವಳು ತನಗೆ ಸೇರಿದ್ದನ್ನು ಕೇಳಲು ಬಂದಿದ್ದಳು. ಆದರೆ ನೆನಪೂ ನನ್ನ ಹಾಗೆಯೇ ಇರಬೇಕು. ಒಂದರ ಮೇಲೆ ಇನ್ನೊಂದನ್ನು ಬರೆದರೆ ಮೊದಲಿನದು ಅಳಿಯುತ್ತದೆ. ಅವಳು ಅಷ್ಟು ವರ್ಷ ಯಾವ ಯಂತ್ರವೂ ಇಲ್ಲದೆ ಕಾಪಾಡಿಕೊಂಡಿದ್ದ ದನಿಯ ಮೇಲೆ ನಾವು ಒಂದು ಮಧ್ಯಾಹ್ನ ಕೂತು ಬೇರೆ ಬೇರೆ ದನಿಗಳನ್ನು ಬರೆದುಬಿಟ್ಟೆವು.

ಅವಳು ಹೊರಡಲು ಎದ್ದಾಗ ಮಹಾರುದ್ರಪ್ಪ ನನ್ನನ್ನು ಯಂತ್ರದಿಂದ ತೆಗೆದು, ತನ್ನ ಅಂಗಿಯ ತುದಿಯಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ. ಅಸಲು ಟ್ರಂಕು ಬಿಡಬಾರದೆಂಬ ನೇಮವನ್ನು ಯಾರೂ ನೆನಪಿಸಲಿಲ್ಲ.

"ಇದು ನಿಮ್ಮದು. ನಾವು ಇನ್ನ ಇದನ್ನ ಹಾಕೂದಿಲ್ಲ," ಎಂದ.

"ಹಾಕ್ರಿ," ಎಂದಳು ಕಸ್ತೂರಿ. "ನಕಲು ಅದಾವಲ್ಲ. ನೀವರೆ ಕೇಳ್ರಿ."

ಬಳಗ ಮತ್ತೆ ಮೊದಲಿನಂತೆ ಆಗಲಿಲ್ಲವೆಂದು ಆಮೇಲೆ ತಿಳಿಯಿತು. ಮಹಾರುದ್ರಪ್ಪ ಒಂದೆರಡು ಸಲ ಜಮಖಂಡಿಗೆ ಬಂದಿದ್ದ. ಚಹಾ ಕುಡಿದು, ಶೇವಂತಿಬಾಯಿ ಯಾವ ಪಲ್ಯ ಇಷ್ಟಪಡುತ್ತಿದ್ದರು, ಹೇಗೆ ಬೈಯುತ್ತಿದ್ದರು ಎಂದೆಲ್ಲ ಕೇಳಿ ಹೋದ. ಹಾಡಿನ ಮಾತು ಎತ್ತಲಿಲ್ಲ. ಕೆಲವರು ಮಾತ್ರ ಅಮಾವಾಸ್ಯೆಗೆ ಸೇರಿ ಏರುಪದವನ್ನೇ ಹಾಕಿಕೊಳ್ಳುತ್ತಾರಂತೆ. ಮೇಳದವರು ಈಗಲೂ ಶ್ರುತಿ ಏರಿಸಿಯೇ ಹಾಡುತ್ತಾರೆ. ನನ್ನ ನಕಲೊಂದು ಫೋನುಗಳಿಗೂ ಬಂದಿದೆ.

ನಾನು ಈಗ ಕಸ್ತೂರಿಯ ಮನೆಯ ಗೋಡೆಯ ಗೂಡಿನಲ್ಲಿದ್ದೇನೆ. ಪಕ್ಕದಲ್ಲಿ ಅವಳ ಥರ್ಮಾಮೀಟರು, ಅರಿಸಿನದ ಡಬ್ಬಿ. ನನ್ನ ಪಟ್ಟಿಗೆ ಮುಪ್ಪು ಬಂದಿದೆ. ಅಂಟು ಮೆತ್ತಗಾಗಿ ಸುತ್ತುಗಳು ಒಂದಕ್ಕೊಂದು ಹಿಡಿಯುತ್ತಿವೆ. ತುಕ್ಕಿನ ಪುಡಿ ಅಲ್ಲಲ್ಲಿ ಉದುರಿದೆ. ಅವಳ ಮನೆಯಲ್ಲಿ ನನ್ನನ್ನು ಓದುವ ಯಂತ್ರವಿಲ್ಲ. ಅವಳು ಕೊಳ್ಳಲೂ ಇಲ್ಲ. ಪ್ರತಿ ಶುಕ್ರವಾರ ಗೂಡು ಒರೆಸುವಾಗ ನನ್ನನ್ನೂ ಎತ್ತಿ ಒರೆಸಿ ಇಡುತ್ತಾಳೆ. ಕೆಲವೊಮ್ಮೆ ಒಂದು ಗಳಿಗೆ ಹೆಚ್ಚು ಹಿಡಿದಿರುತ್ತಾಳೆ. ನನ್ನೊಳಗೆ ಏನಿದೆ ಎಂಬುದು ನನಗೆ ಗೊತ್ತು, ಆದರೆ ಅದನ್ನು ದನಿಯಾಗಿ ಕೊಡುವುದು ನನ್ನ ಕೈಯಲ್ಲಿಲ್ಲ. ತನ್ನಲ್ಲಿರುವುದನ್ನು ತಾನೇ ಕೊಡಲಾರದ ವಸ್ತು ಎಷ್ಟು ನಿಷ್ಠೆಯಿಂದ ಕಾಪಾಡಿದರೇನು ಎಂದು ಈ ಗೂಡಿನಲ್ಲಿ ಕೂತು ಅನೇಕ ಸಲ ಅನಿಸಿದೆ.

ಮೊನ್ನೆ ಬಾಜೂ ಮನೆಯ ಸೊಸೆ ಕರಿಬೇವು ಕೇಳಲು ಬಂದಿದ್ದಳು. ಸೆರಗಿನಲ್ಲಿ ಸಿಕ್ಕಿಸಿಕೊಂಡ ಫೋನಿನಿಂದ ಹಾಡು ಬರುತ್ತಿತ್ತು. ಬುತ್ತಿ ಬಿಚ್ಚೂದರೊಳಗ ಹೊತ್ತು ಮುಳುಗೀತ. ಎಳೆಯ, ಚುರುಕಾದ, ಮೇಲಕ್ಕೆ ಏರುವ ದನಿ. ನಡುವೆ ಸೈಕಲ್ಲಿನಂಥ ಗಂಟೆ ಹೊಡೆಯಿತು.

ಕಸ್ತೂರಿ ಕರಿಬೇವಿನ ಎಸಳು ಮುರಿಯುತ್ತಿದ್ದವಳು ನಿಂತಳು. ಹಾಡು ಮುಗಿಯುವವರೆಗೆ ಕೇಳಿದಳು.

"ಯಾರ್ರೀ ಅತ್ತಿ ಇದನ್ನ ಹಾಡಿದಾಕಿ? ನಿಮಗ ಗೊತ್ತೇನು?" ಎಂದಳು ಆ ಹುಡುಗಿ.

ಕಸ್ತೂರಿ ಎಸಳನ್ನು ಅವಳ ಕೈಗೆ ಕೊಟ್ಟಳು.

"ಯಾರೋ ಹುಡುಗಿ," ಎಂದಳು. "ಚೆಂದ ಹಾಡ್ಯಾಳ."